ಹಾರ್ನಿನ ರಿಲೇ ಕಿತ್ತು ಫ್ಯಾನಿಗೆ ಹಾಕಿಕೊಟ್ಟ ಅಣ್ಣನಿಗೆ

ಮೊನ್ನೆ ಮಧ್ಯಾಹ್ನ ಹುಮನಾಬಾದಿನಿಂದ ಕಲಬುರಗಿಗೆ ಬರುವಾಗ ಕಮಲಾಪುರದ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ನಮ್ಮ ಬಿಸಿಲು ಗೊತ್ತೇ ಇದೆಯಲ್ಲ, ಹಿಂದಿನ ಸೀಟಿನಲ್ಲಿ ಅವ್ವ ಬೇರೆ. ಬಾನೆಟ್ ಎತ್ತಿದರೆ ರೇಡಿಯೇಟರ್ ಫ್ಯಾನ್ ಸುಮ್ಮನೆ ನಿಂತಿದೆ. ನೀರಿನ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, "ಮುಟ್ಟಬ್ಯಾಡ್ರೀ, ಕೈ ಸುಡ್ತದ!" ಎಂದು ಬೈಕಿನ ಮೇಲಿಂದ ಯಾರೋ ಕೂಗಿದರು.

ಮೊದಲು ಅವ್ವನನ್ನು ಬೇವಿನ ನೆರಳಿಗೆ ಕೂಡಿಸಿದರು. ಎಂಜಿನ್ ಆರಿದ ಮೇಲೆ ಫ್ಯೂಸ್ ಕಿತ್ತು ಬಿಸಿಲಿಗೆ ಹಿಡಿದು ನೋಡಿದರು. ಒಳಗಿನ ತಂತಿ ಸರಿಯಿತ್ತು. ಫ್ಯಾನಿನ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟರು. ಗರ್ರನೆ ತಿರುಗಿತು!

"ಮೋಟ್ರು ಛಲೋ ಅದರೀ. ರಿಲೇ ಹೋಗಿರಬೇಕು."

ರಿಲೇ ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚು. ಅದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲೇ ಇತ್ತು. ಅದನ್ನು ಕಿತ್ತು ಫ್ಯಾನಿನ ಜಾಗದಲ್ಲಿ ಒತ್ತಿ, ಗಾಡಿ ಚಾಲೂ ಮಾಡಿಸಿ, ಫ್ಯಾನ್ ತಿರುಗುತ್ತದೋ ನೋಡಲು ಎಸಿ ಹಾಕಿಸಿದರು. ಫ್ಯಾನ್ ಓಡಿತು, ನನಗೆ ಉಸಿರು ಬಂತು.

ರೊಕ್ಕ ಮುಟ್ಟಲಿಲ್ಲ. ಅವ್ವ ಕೊಟ್ಟ ಎರಡು ಕೆಂಪು ಬಾಳೆಹಣ್ಣು ಇಸಕೊಂಡು, "ಹಾರ್ನ್ ಇಲ್ಲ, ನಿಧಾನ ಹೋಗ್ರಿ" ಎಂದು ಹೊರಟೇಬಿಟ್ಟರು. ಹೆಸರು ಕೇಳುವುದನ್ನೇ ಮರೆತೆ.

ಅಣ್ಣಾ, ಹೊಸ ರಿಲೇ ಹಾಕಿಸಿದೆ. ಈಗ ಹಾರ್ನೂ ಹೊಡೀತದ.