ಚೌಕಾಬಾರದಲ್ಲಿ ಫಾರಂ 6

ಮಾನ್ಯ ಸಂಪಾದಕರೇ,

ಪ್ರತಿ ಚುನಾವಣೆ ಮುಗಿದ ಮೇಲೂ ಈ ಅಂಕಣದಲ್ಲಿ ಒಂದಿಷ್ಟು ಪತ್ರ ಬರುತ್ತವೆ. ಈಗಿನ ಹುಡುಗರಿಗೆ ಓಟು ಬೇಡ, ರೀಲ್ಸ್ ಸಾಕು ಅಂತ. ನಾನೂ ಹಾಗೆ ಬೈದವಳೇ. ತಿಪಟೂರು ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಚುನಾವಣೆ ಬಂತೆಂದರೆ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಡ್ಯೂಟಿ ತಪ್ಪಿದ್ದಲ್ಲ. ನನ್ನ ಬೈಗುಳ ನಿಂತದ್ದು 2024ರ ಏಪ್ರಿಲ್ 26ರಂದು, ಪಕ್ಕದ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮತಗಟ್ಟೆಯಲ್ಲಿ.

ಬೆಳಿಗ್ಗೆ ಹನ್ನೊಂದರ ಹೊತ್ತು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದಳಂತೆ. ರೈಲಿನಲ್ಲಿ ನಿಂತುಕೊಂಡೇ ಬಂದು, ಅಲ್ಲಿಂದ ಬಸ್ಸು ಹಿಡಿದು, ಮನೆಗೂ ಹೋಗದೆ ಸೀದಾ ಸಾಲಿಗೆ ನಿಂತಿದ್ದಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಮೊದಲ ಟೇಬಲಿನ ಮೇಷ್ಟ್ರು ಪಟ್ಟಿಯ ಮೇಲೆ ಎರಡು ಸಲ ಸ್ಕೇಲು ಇಟ್ಟು ನೋಡಿದರು. ಅಪ್ಪನ ಹೆಸರಿದೆ, ಅಮ್ಮನದಿದೆ, ಅಜ್ಜಿಯದೂ ಇದೆ. ಇವಳದಿಲ್ಲ.

"ಫಾರಂ 6 ಕೊಟ್ಟಿದ್ದೆಯೇನಮ್ಮಾ?" ಅಂದೆ. ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ಕೊಡುವ ಅರ್ಜಿ ಅದು.

"ಅದೇನು ಮೇಡಂ? ಆಧಾರ್ ಇದೆಯಲ್ಲ. ಹದಿನೆಂಟಾದ್ರೆ ಹೆಸರು ತಾನಾಗೇ ಬರುತ್ತೆ ಅಂದ್ಕೊಂಡಿದ್ದೆ."

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದ್ದೆಯಾ ಅಂತ ಸುಮ್ನೆ ಕೇಳಿದೆ. ಕೇಳಬಾರದಿತ್ತು. ತೊಂಬತ್ತರ ಮೇಲೆ ಬಂದಿತ್ತಂತೆ! 1988ರ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು ಅನ್ನುವುದು ಆ ಹುಡುಗಿಗೆ ಬಾಯಿಪಾಠ. 61 ಗೊತ್ತು, 6 ಗೊತ್ತಿಲ್ಲ. ಅದು ಅವಳ ತಪ್ಪಲ್ಲ, ನನ್ನಂಥ ಮೇಡಂಗಳದ್ದು.

ಆಟದ ಮೂಲಕ ಮತದಾನ ಕಲಿಸುವ ಮಾತು ಈಗ ಜೋರಾಗಿದೆ. ಆ್ಯಪು, ಕ್ವಿಜ್ಜು, ಪಾಯಿಂಟು, ಬಹುಮಾನ. ನನಗೆ ಆಟದ ಮೇಲೆ ಸಿಟ್ಟಿಲ್ಲ. ಆದರೆ ಇವುಗಳಲ್ಲಿ ಜಾಸ್ತಿ ಪಾಲು "ನಿಮ್ಮ ಮತ ಅಮೂಲ್ಯ" ಅನ್ನುವುದನ್ನೇ ಬಣ್ಣ ಹಚ್ಚಿ ಹೇಳುತ್ತವೆ. ರೈಲಿನಲ್ಲಿ ನಿಂತು ಬಂದವಳಿಗೆ ಅದನ್ನು ಹೇಳಬೇಕಿತ್ತೇ? ಬೆಂಗಳೂರಿನ ಕೆಲವು ಹೋಟೆಲಿನವರು ಬೆರಳಿನ ಶಾಯಿ ತೋರಿಸಿದರೆ ದೋಸೆ ಫ್ರೀ ಅಂದರು. ಒಳ್ಳೆಯ ಮನಸ್ಸೇ, ಬೇಡ ಅನ್ನಲಾರೆ. ಆದರೂ ಬೆಂಗಳೂರು ದಕ್ಷಿಣದಲ್ಲಿ ಆ ಸಲ ಬಿದ್ದದ್ದು ಶೇ 53ರ ಆಸುಪಾಸು. ಅದೇ ದಿನ ಮಂಡ್ಯ ಶೇ 81 ದಾಟಿತು.

ನಾನು ಮಾಡಿದ್ದು ತೀರಾ ಸಣ್ಣದು. ನಮ್ಮ ಕಾಲೇಜಿನಲ್ಲೂ ಮತದಾರರ ಸಾಕ್ಷರತಾ ಕ್ಲಬ್ ಇದೆ. ಚುನಾವಣಾ ಆಯೋಗ 2018ರಲ್ಲಿ ಶುರು ಮಾಡಿದ್ದು. ನಮ್ಮದು ಜನವರಿ 25ರ ಮತದಾರರ ದಿನದಂದು ಎದ್ದು, ಪ್ರತಿಜ್ಞೆ ಓದಿ, ಮತ್ತೆ ಮಲಗುತ್ತಿತ್ತು. ಅದನ್ನು ಜುಲೈನಲ್ಲೇ ಎಬ್ಬಿಸಿದೆ. ಶನಿವಾರದ ಕೊನೆಯ ಪೀರಿಯಡ್ಡು, ವರಾಂಡದ ನೆಲ, ಸೀಮೆಸುಣ್ಣ, ಅರ್ಧ ಉಜ್ಜಿದ ಹುಣಸೆ ಬೀಜ. ಆಟ ಚೌಕಾಬಾರ.

ಚೌಕಾಬಾರವೇ ಯಾಕೆ ಅಂದರೆ, ಅದರ ಮನೆ ಈ ಕೆಲಸಕ್ಕೇ ಹಾಕಿದ ಹಾಗಿದೆ. ನಾಲ್ಕು ಬದಿಗೆ ನಾಲ್ಕು ಗುಣಾಕಾರದ ಮನೆ. 2022ರಿಂದ ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನ ಬಂದಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೆಂಟು ತುಂಬಿದಾಗ ಯಾರಿಗೆ ಯಾವ ದಿನ ಮೊದಲು ಬರುತ್ತದೋ ಆ ಬದಿಯಿಂದ ಅವರ ಕಾಯಿ ಹೊರಡುತ್ತದೆ. ಹದಿನೇಳು ತುಂಬಿದ ಮೇಲೆ ಮುಂಗಡವಾಗಿ ಅರ್ಜಿ ಹಾಕಬಹುದು ಅನ್ನುವುದು ಅಲ್ಲೇ ತಿಳಿಯುತ್ತದೆ. ಸುತ್ತಿನ ಮಿಕ್ಕ ಮನೆಗಳಿಗೆ ವಿಘ್ನಗಳನ್ನು ಬರೆದವರು ಹುಡುಗರೇ. "ಬಿಎಲ್‌ಒ (ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ." "ಅಪ್ಪನ ಹೆಸರಲ್ಲಿ ಸ್ಪೆಲಿಂಗ್ ತಪ್ಪು." "ಹಾಸ್ಟೆಲ್ ಸೇರಿದೆ." ಈ ಕೊನೆಯ ಮನೆಯಲ್ಲಿ ಜಗಳವೇ ಆಯಿತು. ಓದಲು ಬೆಂಗಳೂರಿಗೆ ಹೋದವನು ಊರಲ್ಲಿ ಹೆಸರು ಇಡಬೇಕೋ, ಅಲ್ಲಿ ಸೇರಿಸಬೇಕೋ? ಎರಡರಲ್ಲಿ ಯಾವುದಾದರೂ ಸರಿ, ಒಂದೇ ಕಡೆ ಇರಬೇಕು, ಬದಲಾಯಿಸಲು ಫಾರಂ 8 ಅಂತ ತೀರ್ಪು ಕೊಟ್ಟು ಗರ ಹಾಕಿಸಬೇಕಾಯಿತು.

ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ, ಗೊತ್ತಲ್ಲ. ನಮ್ಮಲ್ಲಿ ಹೊಡೆಯುವ ಬದಲು ಹುಡುಕಬೇಕು. ಮತದಾರರ ಪಟ್ಟಿಯಲ್ಲಿ ತಮ್ಮ ಮನೆಯವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ತೋರಿಸಿದರೆ ಮಾತ್ರ ಒಳಗೆ. ಕಾಲೇಜಿಗೆ ಮೊಬೈಲ್ ತರುವಂತಿಲ್ಲ, ಹಾಗಾಗಿ ನನ್ನದೇ ಫೋನು ಕೈಯಿಂದ ಕೈಗೆ ಓಡಾಡಿತು. ಒಬ್ಬಳು ನೋಡುತ್ತಾ ನೋಡುತ್ತಾ ಸುಮ್ಮನಾದಳು. ತೀರಿಕೊಂಡ ತಾತನ ಹೆಸರು ಇನ್ನೂ ಇತ್ತು. ಇಪ್ಪತ್ತು ದಾಟಿದ ಅಣ್ಣನದು ಇರಲಿಲ್ಲ. ಸೋಮವಾರ ಅವಳೇ ಬಂದು ಕೇಳಿದಳು: "ಮಿಸ್, ತೆಗೆಸೋಕೆ ತಾತಂಗೆ ಫಾರಂ 7, ಸೇರಿಸೋಕೆ ಅಣ್ಣಂಗೆ ಫಾರಂ 6, ಅಲ್ವಾ?" ಹದಿನೈದು ವರ್ಷ ಪಾಠ ಹೇಳಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ನಡುವಿನ ಮನೆ ಮತಗಟ್ಟೆ. ಅಲ್ಲಿಗೆ ಮುಟ್ಟಿದ ಕಾಯಿ ಹಣ್ಣು. ಹಣ್ಣಾದವರಿಗೆ ಬಹುಮಾನ ಇಟ್ಟಿಲ್ಲ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣುತ್ತದೆ ಅಂದಾಗ ಮಿಕ್ಕವರೆಲ್ಲ ಸೇರಿ ಏಳರವರೆಗೆ ಎಣಿಸುತ್ತಾರೆ, ಅಷ್ಟೇ. ಅದಕ್ಕೇ ಗಲಾಟೆ ಜಾಸ್ತಿಯಾಗಿ ಪಕ್ಕದ ಕ್ಲಾಸಿನ ಗಣಿತದ ಸರ್ ಎರಡು ಸಲ ಇಣುಕಿ ಹೋದರು. ಮೂರನೇ ಸಲ ಅವರೇ ಗರ ಹಾಕಿದರು.

ಇದರಿಂದ ಮತದಾನ ಏರುತ್ತದೆ ಅಂತ ನಾನು ಹೇಳುವುದಿಲ್ಲ. ಇವರಲ್ಲಿ ಎಷ್ಟು ಜನ ಊರಿಗೆ ಬಂದು ಓಟು ಹಾಕುತ್ತಾರೋ ನೋಡಬೇಕು. ಆದರೆ ಹದಿನೇಳು ತುಂಬಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದಸರಾ ರಜೆಗೆ ಮುಂಚೆಯೇ ಅರ್ಜಿ ಹಾಕಿದ್ದಾರೆ. ದ್ವಿತೀಯ ಪಿಯುಸಿ ಮುಗಿದ ಮೇಲೆ ಇವರು ನಮ್ಮ ಕೈಗೆ ಸಿಗುವುದಿಲ್ಲ. ಒಬ್ಬ ಬೆಂಗಳೂರು, ಒಬ್ಬಳು ಹಾಸನ, ಇನ್ನೊಬ್ಬ ಯಾವುದೋ ಗಾರ್ಮೆಂಟ್ಸು. ಹಾಗಾಗಿ ಇಲಾಖೆಯವರಲ್ಲಿ ನನ್ನದು ಒಂದೇ ಕೋರಿಕೆ. ಜನವರಿಯ ಪ್ರತಿಜ್ಞೆ ಇರಲಿ. ಅದರ ಜೊತೆಗೆ ಜುಲೈನಲ್ಲಿ ಒಂದು ದಿನ ಬಿಎಲ್‌ಒಗಳನ್ನು ಪ್ರತಿ ಪಿಯು ಕಾಲೇಜಿಗೆ ಕಳಿಸಿ. ಹುಣಸೆ ಬೀಜ ನಾವೇ ತರುತ್ತೇವೆ.

ಇನ್ನೊಂದು ವಿಷಯ ಹೇಳಲೇಬೇಕು. ಒಳಸುತ್ತಿನ ಮನೆಗಳಲ್ಲಿ ಐದಕ್ಕೆ ಐದು ಚುನಾವಣೆಗಳ ಹೆಸರಿಟ್ಟಿದ್ದೆವು. ಪ್ರತಿ ಮನೆಯಲ್ಲೂ ಆ ಚುನಾವಣೆ ಕೊನೆಗೆ ನಡೆದ ವರ್ಷ. ಲೋಕಸಭೆ 2024, ವಿಧಾನಸಭೆ 2023, ಗ್ರಾಮ ಪಂಚಾಯಿತಿ 2020. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎರಡಕ್ಕೂ 2016 ಅಂತ ಬರೆದೆ. ಮುಂದಿನ ಸಾಲಿನ ಹುಡುಗ ನಾನು ಬರೆದದ್ದು ತಪ್ಪಾಗಿದೆ ಅಂದುಕೊಂಡು ಅಳಿಸಲು ಬಂದ. ತಪ್ಪಲ್ಲಪ್ಪಾ, ಅವಧಿ 2021ರಲ್ಲೇ ಮುಗಿದಿದೆ, ಆಮೇಲೆ ಚುನಾವಣೆಯೇ ನಡೆದಿಲ್ಲ ಅಂದೆ. ಆ ಚುನಾವಣೆ ನಡೆದಾಗ ಇವರು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. "ಹಾಗಾದ್ರೆ ಈ ಮನೆಗೆ ಕಾಯಿ ಬಂದ್ರೆ ಏನು ಮಾಡೋದು ಮಿಸ್?" ಅಂದ. ಒಂದು ಗರ ಬಿಟ್ಟುಕೊಟ್ಟು ಅಲ್ಲೇ ಕೂರಬೇಕು ಅಂತ ಅವರೇ ನಿಯಮ ಮಾಡಿಕೊಂಡರು.

– ರಾಜ್ಯಶಾಸ್ತ್ರ ಉಪನ್ಯಾಸಕಿ, ತಿಪಟೂರು ತಾಲ್ಲೂಕು