ಮುಳುಗು ತಜ್ಞರಿಗೆ ದಡದಲ್ಲೂ ಆಕ್ಸಿಜನ್ ಬೇಕು

ಮಾನ್ಯ ಸಂಪಾದಕರೇ,

ಭೀಮಾ ನದಿಯಲ್ಲೋ, ಕಾರಂಜಾ, ಬೆಣ್ಣೆತೊರಾ, ನಾರಾಯಣಪುರದ ಹಿನ್ನೀರಿನಲ್ಲೋ ಯಾರಾದರೂ ಮುಳುಗಿದರೆ ‘ತಜ್ಞರು ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಶೋಧ ನಡೆಸಿದರು’ ಎಂದು ಸುದ್ದಿ ಬರುತ್ತದೆ. ಅವರ ಬೆನ್ನಿಗಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ಆಕ್ಸಿಜನ್ ಶೇ 21 ಮಾತ್ರ. ಶುದ್ಧ ಆಕ್ಸಿಜನ್ ಉಸಿರಾಡುತ್ತ ಆರು ಮೀಟರಿಗಿಂತ ಕೆಳಗಿಳಿದರೆ ನೀರಲ್ಲೇ ಫಿಟ್ಸ್ ಬರುವ ಅಪಾಯವಿದೆ. ಶುದ್ಧ ಆಕ್ಸಿಜನ್ ಬೇಕಾಗುವುದು ದಡದಲ್ಲಿ, ಮೇಲೆ ಬಂದವನಿಗೆ. ‘ಸಿಲಿಂಡರ್ ಇದೆಯಲ್ಲ’ ಎಂದುಕೊಂಡರೆ ಖರೀದಿ ಪಟ್ಟಿಯಿಂದ ಅದೇ ಬಿಟ್ಟುಹೋಗುತ್ತದೆ.

ನಮ್ಮ ಕಡೆ ಸಮುದ್ರದಷ್ಟು ಆಳವೆಲ್ಲಿದೆ ಎನ್ನುವವರಿದ್ದಾರೆ. ಕೆಂಪು ನೀರಿನಲ್ಲಿ ಕೈ ಕಾಣದೆ, ಮೀನಿನ ಬಲೆಯೋ ಜಾಲಿಯ ಕೊಂಬೆಯೋ ತೊಡರಿ, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆದ್ದರೆ ಎರಡು ಮೂರು ಮೀಟರ್ ಆಳವೇ ಸಾಕು. ಶ್ವಾಸಕೋಶ ಹರಿದು ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೇರಬಹುದು. ಇದಕ್ಕೆ ಪೂರ್ಣ ಚಿಕಿತ್ಸೆ, ಗಾಳಿಯ ಒತ್ತಡ ಏರಿಸಿ ಆಕ್ಸಿಜನ್ ಕೊಡುವ ‘ಒತ್ತಡದ ಕೋಣೆ’ಯಲ್ಲಿ. ಅಲ್ಲಿಯವರೆಗೆ ಜೀವ ಕಾಯುವುದು ಶೇ 100ಕ್ಕೆ ಹತ್ತಿರದ ಆಕ್ಸಿಜನ್.

ಹಾಗಂತ ಕೋವಿಡ್ ಕಾಲದಲ್ಲಿ ಬಂದು ಮೂಲೆ ಸೇರಿರುವ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಕಾನ್ಸಂಟ್ರೇಟರನ್ನು ಜೀಪಿಗೆ ಹಾಕಿಕೊಂಡು ಹೋದರೆ ಆಗದು. ಅದು ಕೊಡುವುದು ನಿಮಿಷಕ್ಕೆ 5 ಅಥವಾ 10 ಲೀಟರ್, ಅದೂ ಕರೆಂಟಿದ್ದರೆ. ಉಸಿರೆಳೆದಾಗ ಮಾತ್ರ ಆಕ್ಸಿಜನ್ ಬಿಡುವ ಡಿಮಾಂಡ್ ವಾಲ್ವ್ ನಡೆಸುವಷ್ಟು ಒತ್ತಡ ಅದರಿಂದ ಬರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಸ್ಪ್ರೇ ಡಬ್ಬಿಯಂಥ ಆಕ್ಸಿಜನ್ ಕ್ಯಾನಿನಲ್ಲಿ 10 ಲೀಟರ್ ಇದ್ದರೂ ತುರ್ತಿನಲ್ಲಿ ಒಂದು ನಿಮಿಷವೂ ಬಾರದು.

ಕೊಳ್ಳುವ ಮುಂಚೆ ನಿಮಿಷದ ಲೆಕ್ಕ ಹಾಕಬೇಕು. ಸಿಲಿಂಡರಿನ ನೀರಿನ ಗಾತ್ರವನ್ನು (ಖಾಲಿ ಸಿಲಿಂಡರ್ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಅಷ್ಟು) ಗೇಜ್ ಬಾರ್ ಲೆಕ್ಕದಲ್ಲಿ ತೋರಿಸುವ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಎಷ್ಟು ಲೀಟರ್ ಎಂದು ಸಿಗುತ್ತದೆ. 10 ಲೀಟರಿನ ‘ಬಿ ಟೈಪ್’ ಸಿಲಿಂಡರ್ 150 ಬಾರ್‌ಗೆ ತುಂಬಿದ್ದರೆ 1,500 ಲೀಟರ್. ನಿಮಿಷಕ್ಕೆ 15ರಂತೆ ಬಿಟ್ಟರೆ ನೂರು ನಿಮಿಷ. ದೋಣಿಗೆ ಹಗುರವೆಂದು 5 ಲೀಟರಿನ ಸಿಲಿಂಡರ್ ಆಯ್ದರೆ ಐವತ್ತೇ. ಹುಣಸಗಿ ಕಡೆಯ ದಂಡೆಯಿಂದ ಯಾದಗಿರಿಯ ಯಿಮ್ಸ್ ಆಸ್ಪತ್ರೆಗೋ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೋ ಹೊರಟವರಿಗೆ ಐವತ್ತು ನಿಮಿಷ ಎಲ್ಲಿ ಸಾಲುತ್ತದೆ? ದೋಣಿಗೆ ಒಂದು ಸಣ್ಣದು, ಜೀಪಿನಲ್ಲಿ ಎರಡು ಬಿ ಟೈಪ್. ಇದಕ್ಕಿಂತ ಕಡಿಮೆ ಬೇಡ.

ರೆಗ್ಯುಲೇಟರ್ ಆಯ್ಕೆಯಲ್ಲೇ ಹೆಚ್ಚು ಎಡವುವುದು. ಆಸ್ಪತ್ರೆಯ ಮಾಮೂಲಿ ಫ್ಲೋಮೀಟರಿನಿಂದ ಒಂದೇ ಸಮನೆ ಹರಿವು ಮಾತ್ರ ಸಿಗುತ್ತದೆ. ಮುಳುಗುಗಾರರಿಗೆ ಬೇಕಾದ್ದು ಡಿಮಾಂಡ್ ವಾಲ್ವಿಗೊಂದು, 25 ಲೀಟರಿನವರೆಗಿನ ಹರಿವಿಗೊಂದು, ಹೀಗೆ ಎರಡೂ ಬಾಯಿ ಇರುವ ರೆಗ್ಯುಲೇಟರ್. ಡಿಮಾಂಡ್ ವಾಲ್ವ್ ಉಸಿರೆಳೆದಾಗ ಮಾತ್ರ ಬಿಡುವುದರಿಂದ ನಿಮಿಷಕ್ಕೆ ಹತ್ತು ಲೀಟರಿನೊಳಗೇ ಖರ್ಚಾಗಿ, ಶೇ 100ರ ಹತ್ತಿರ ಸಿಗುತ್ತದೆ. ಆದರೆ ಪ್ರಜ್ಞೆಯಿದ್ದು, ಮಾಸ್ಕ್ ಬಿಗಿಯಾಗಿ ಕೂತರೆ ಮಾತ್ರ. ದಟ್ಟ ಗಡ್ಡವಿದ್ದರೆ ಸೋರುತ್ತದೆ. ಆಗ ಚೀಲವಿರುವ ನಾನ್‌ರೀಬ್ರೀದರ್ ಮಾಸ್ಕ್ ಬೇಕು. ಅದರ ಚೀಲ ಪೂರ್ತಿ ಉಬ್ಬಿದ ಮೇಲೆಯೇ ಮುಖಕ್ಕಿಡಬೇಕು, ಉಸಿರೆಳೆದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಬಾರದು. ಅಗ್ಗದ ಮಾಸ್ಕಿನಲ್ಲಿ ಪಕ್ಕದ ರಬ್ಬರ್ ಬಿಲ್ಲೆ ಒಂದೇ ಇದ್ದು, ಇನ್ನೊಂದು ಕಡೆಯಿಂದ ಹೊರಗಾಳಿ ನುಗ್ಗುತ್ತದೆ. ಉಸಿರೇ ನಿಂತವನಿಗೆ ಇವೆರಡೂ ವ್ಯರ್ಥ, ಕೈಯಲ್ಲಿ ಚೀಲ ಒತ್ತಿ ಉಸಿರು ಕೊಡುವ ಬ್ಯಾಗ್-ವಾಲ್ವ್-ಮಾಸ್ಕ್ ಬೇಕು. ಮುಳುಗಿದವನಿಗೆ ಮೊದಲು ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕು.

ಇಷ್ಟೆಲ್ಲ ಕೊಂಡರೂ ನಾಕಾಣೆಯ ವಾಷರ್ ಕೈಕೊಡುತ್ತದೆ. ರಂಧ್ರಕ್ಕೆ ಪಿನ್ನು ಕೂರಿಸಿ ಜೋಡಿಸುವ ‘ಪಿನ್ ಇಂಡೆಕ್ಸ್’ ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ಆ ಬಿಲ್ಲೆ ಸಿಲಿಂಡರ್ ಬದಲಿಸುವಾಗ ಬಿದ್ದುಹೋಗುತ್ತದೆ, ಅಥವಾ ಹಳೆಯದರ ಮೇಲೆ ಹೊಸದನ್ನಿಟ್ಟು ಸೋರಿಸುತ್ತಾರೆ. ನಾಲ್ಕೈದು ಬಿಲ್ಲೆ ಮತ್ತು ವಾಲ್ವ್ ತೆರೆಯುವ ಕೀಲಿಯನ್ನು ಕಿಟ್ಟಿಗೇ ದಾರದಲ್ಲಿ ಕಟ್ಟಿಡಿ. ಕೆಲವು ಸಿಲಿಂಡರಿಗೆ ಪಿನ್ ಇಂಡೆಕ್ಸ್, ಕೆಲವಕ್ಕೆ ತಿರುಪಿ ಜೋಡಿಸುವ ಬುಲ್‌ನೋಸ್ ವಾಲ್ವ್ ಬರುವುದರಿಂದ ಊರಿನ ಗ್ಯಾಸ್ ಏಜೆನ್ಸಿಯಲ್ಲಿ ಸಿಗುವುದು ಯಾವುದೆಂದು ನೋಡಿಯೇ ರೆಗ್ಯುಲೇಟರ್ ಆರಿಸಬೇಕು. ವಾಲ್ವ್ ಬಿಗಿಯಾಗಿದೆಯೆಂದು ಕೊಬ್ಬರಿ ಎಣ್ಣೆ, ಗ್ರೀಸ್ ಸವರುವುದು ಬೆಂಕಿಗೆ ಆಹ್ವಾನ. ನಿಧಾನವಾಗಿ ತೆರೆಯಬೇಕು, ದೋಣಿಯ ಪೆಟ್ರೋಲ್ ಡಬ್ಬಿಯಿಂದ ದೂರವಿಡಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ, ಬಾಗಿಲು ಹಾಕಿ ನಿಲ್ಲಿಸಿದ ಜೀಪಿನಲ್ಲಿ ಸಿಲಿಂಡರ್ 60 ಡಿಗ್ರಿಗೆ ಕಾದರೆ 150 ಬಾರ್ ಇದ್ದದ್ದು 165 ದಾಟುತ್ತದೆ. ಮಾಸ್ಕಿನ ಪ್ಲಾಸ್ಟಿಕ್ ಬಿರುಸಾಗಿ ಸೀಳುತ್ತದೆ. ಠಾಣೆಯ ನೆರಳಿನಲ್ಲಿಟ್ಟು, ಕರೆ ಬಂದಾಗ ಗಾಡಿಗೆ ಹಾಕುವುದೇ ಸರಿ.

ಇನ್ನೊಂದು ಮಾತು. ಬೆರಳಿಗಿಡುವ ಆಕ್ಸಿಮೀಟರ್ 98 ತೋರಿಸಿತೆಂದು ಮುಳುಗುಗಾರನ ಮಾಸ್ಕ್ ತೆಗೆಯಬೇಡಿ. ಅದು ರಕ್ತದ ಆಕ್ಸಿಜನ್ ಮಟ್ಟವನ್ನು ತೋರಿಸುತ್ತದೆಯೇ ಹೊರತು ಗಾಳಿಗುಳ್ಳೆಯನ್ನಲ್ಲ. ಅಂಗಾತ ಮಲಗಿಸಿ, ಎಷ್ಟು ಆಳ, ಎಷ್ಟು ಹೊತ್ತು, ಆಕ್ಸಿಜನ್ ಶುರುಮಾಡಿದ್ದು ಎಷ್ಟು ಗಂಟೆಗೆ ಎಂದು ಚೀಟಿ ಬರೆದು ಡಾಕ್ಟರ ಕೈಗೆ ಕೊಡಿ.

– ಮುಳುಗು ಸುರಕ್ಷತಾ ತರಬೇತುದಾರರು, ಕಲಬುರಗಿ