ಅಡಿಗೆ ಭಟ್ರ ಕೈಗೆ ಕತ್ತಿ ಕೊಟ್ಟವನ ಪತ್ರ

ಪ್ರೀತಿಯ ಮಗಾ,

ನಿನ್ನ ಕಾದಂಬರಿಯ ಕಟ್ಟು ಬಂದು ಇಪ್ಪತ್ತು ದಿನ ಆಯ್ತು, ಎರಡು ಸಲ ಓದಿದೆ. ಜೊತೆಗೆ ಒಂದು ಚೀಟಿ ಇಟ್ಟಿದ್ದೆಯಲ್ಲ, "ಸರ್, ಇದೇ ಕೊನೆ, ಇನ್ನು ಬರೆಯುದಿಲ್ಲ" ಅಂತ, ಅದನ್ನು ಮಾತ್ರ ಒಂದೇ ಸಲ ಓದಿ ಹರಿದು ಬಿಸಾಡಿದೆ. ಇಪ್ಪತ್ಮೂರು ವರ್ಷಕ್ಕೆ ಕೊನೆಯಂತೆ. ಎಂತ ಸಾವು ಮಾರಾಯ್ತಿ. ಎಷ್ಟು ಪುಟ ಇರ್ಬೇಕು, ಪ್ರಕಾಶಕರ ಹತ್ರ ಹೇಗೆ ಮಾತಾಡ್ಬೇಕು ಅಂತೆಲ್ಲ ಕೇಳಿದ್ದೀಯ, ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ನನ್ನತ್ರ ಕೇಳ್ಬೇಡ. ನಂಗೆ ಜಗಳ ಇರುದು ನಿನ್ನ ಮೊದಲ ಒಂದೂವರೆ ಪುಟದ ಹತ್ರ ಮಾತ್ರ.

ನಿನ್ನ ಲೂವಿಸ್ ಗೊನ್ಸಾಲ್ವಿಸ್ ಒಳ್ಳೆ ಜನ. ಸ್ಟೇಟ್‌ಬ್ಯಾಂಕಿಂದ ಹೊರಡುವ ಸಿಟಿ ಬಸ್ಸಿನ ಕಂಡಕ್ಟರು, ಚಿಲ್ಲರೆ ವಿಷಯಕ್ಕೆ ಯಾರಾದ್ರೂ ಬಾಯಿ ಮಾಡಿದ್ರೆ ತನ್ನ ಕಿಸೆಯಿಂದಲೇ ಹಾಕಿ ಮುಗಿಸುವ ಪಾಪದವ. ಅವನು ಬಸ್ಸು ಹತ್ತುವ ಮೊದಲೇ ನೀನು ಅವನ ಹೆಸರಿನ ಮೇಲೆ ಭಾಷಣ ಶುರು ಮಾಡಿದ್ದೀಯ. ಲೂವಿಸ್ ಅಂದ್ರೆ ಯುದ್ಧದಲ್ಲಿ ಹೆಸರು ಮಾಡಿದವ, ಗೊನ್ಸಾಲ್ವಿಸ್ ಅಂದ್ರೂ ಯುದ್ಧ, ಅವನ ಹಿರಿಯರಲ್ಲಿ ಒಬ್ಬ ಮಹಾ ಪರಾಕ್ರಮಿ, ಅದನ್ನು ನೋಡಿ ಪೋರ್ಚುಗಲ್ಲಿನ ರಾಜನೇ ಕರೆದು ಆ ಸರ್‌ನೇಮ್ ಕೊಟ್ಟ ಅಂತ.

ಮೊದಲಿನ ಎರಡು ಸರಿ ಉಂಟು. ಹಳೇ ಜರ್ಮನಿಕ್ ಭಾಷೆಯಲ್ಲಿ ಹ್ಲೂದ್ ಅಂದ್ರೆ ಹೆಸರುವಾಸಿ, ವಿಗ್ ಅಂದ್ರೆ ಕಾಳಗ, ಅದೇ ಹೆಸರು ಜರ್ಮನ್ನರ ಬಾಯಲ್ಲಿ ಲುಡ್ವಿಗ್, ಫ್ರೆಂಚರ ಬಾಯಲ್ಲಿ ಲೂಯಿ. ಗೊನ್ಸಾಲೊ ಅಂಬುದರಲ್ಲಿ ಇರುವ ಗುಂಡ್ ಅಂದ್ರೂ ಕಾಳಗವೇ, ಸ್ಪೇನ್ ಪೋರ್ಚುಗಲ್ ಕಡೆ ಹೋಗಿ ಆಳಿದ ಗೋಥರು ಬಿಟ್ಟು ಹೋದ ಹೆಸರು, ಕೊನೆಗೆ ಅಂಟಿದ ಎಸ್ ಅಂದ್ರೆ ಮಗ. ಸರಿ. ಆದ್ರೆ ಆ ರಾಜ ಎಲ್ಲಿಂದ ಬಂದ? ನೀನೇ ಕರ್ಕೊಂಡು ಬಂದದ್ದಲ್ವಾ? ಪುಟ ಚಂದ ಕಾಣ್ಲಿ ಅಂತ?

ಸಿಟ್ಟು ಮಾಡ್ಬೇಡ, ಇದೇ ಕೆಲಸ ನಾನೂ ಮಾಡಿದವ. ನನ್ನ ಮೊದಲ ಕತೆಯಲ್ಲಿ ಒಬ್ಬರು ಅಡಿಗೆ ಭಟ್ರು ಇದ್ರು, ಉಡುಪಿ ಕಡೆ ಮದುವೆ ಮುಂಜಿಗೆ ಹೋಗಿ ಅಡಿಗೆ ಮಾಡುವವರು, ಕೊಪ್ಪರಿಗೆ ಎದುರು ನಿಂತ್ರೆ ಯಾರಿಗೂ ಹೆದರದವರು. ಅವರಿಗೆ ಒಂದು ಗತ್ತು ಕೊಡ್ಬೇಕು ಅಂತ ನಾನು ಬರೆದೆ, ಭಟ್ ಅಂದ್ರೆ ಮೂಲದಲ್ಲಿ ಭಟ, ಸೈನಿಕ, ಇವರ ಅಜ್ಜಂದಿರು ಕತ್ತಿ ಹಿಡಿದವರು, ಕಾಲ ಕೆಟ್ಟು ಕೈಗೆ ಸೌಟು ಬಂತು ಅಂತ. ಜನ ಆ ಸಾಲನ್ನು ಬಾಯಿಪಾಠ ಮಾಡಿ ಹೇಳಿದ್ರು. ವಾರಪತ್ರಿಕೆಯೊಂದರಲ್ಲಿ ಹೊಗಳಿ ಬರೆದ್ರು. ಒಬ್ಬರು ರಿಟೈರ್ಡ್ ಸಂಸ್ಕೃತ ಮೇಷ್ಟ್ರು ಮಾತ್ರ ಕಾರ್ಡು ಹಾಕಿದ್ರು, ಎರಡು ಬೇರೆ ಬೇರೆ ಶಬ್ದ ಮಾರಾಯ್ರೇ, ಭಟ್ಟ ಬಂದದ್ದು ಭರ್ತೃವಿನಿಂದ, ಭಟ ಬಂದದ್ದು ಭೃತದಿಂದ ಅಂತ. ನಂಗೆ ಪಿತ್ತ ನೆತ್ತಿಗೇರಿತು. ಹೊಟ್ಟೆಕಿಚ್ಚು ಅಂದ್ಕೊಂಡೆ, ಉತ್ತರವೇ ಬರೀಲಿಲ್ಲ, ಕತೆ ಪುಸ್ತಕ ಆಗುವಾಗಲೂ ಆ ಸಾಲನ್ನು ಹಾಗೇ ಬಿಟ್ಟೆ, ಹೊಗಳಿದವರನ್ನು ಬಿಟ್ಟು ಬೈದವರ ಮಾತು ಯಾರು ಕೇಳ್ತಾರೆ ಹೇಳು.

ಎಷ್ಟೋ ವರ್ಷ ಕಳೆದು ಒಂದು ಮಳೆಗಾಲ ಕರೆಂಟ್ ಇಲ್ಲದ ದಿನ ಕಿಟೆಲ್ ಕೋಶ ತೆಗೆದು ಕೂತೆ. ಕಪಾಟಲ್ಲೇ ಇತ್ತು ಅದು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್‌ನಲ್ಲೇ ಅಚ್ಚಾದದ್ದು, ಅದನ್ನು ಬರೆದ ಫರ್ಡಿನಾಂಡ್ ಕಿಟೆಲರಿಗೂ ನಮ್ಮ ಓಣಿಯ ಫೆರ್ನಾಂಡಿಸರಿಗೂ ಹೆಸರು ಒಂದೇ ಅಂತ ಹೇಳಿದ್ರೆ ನಂಬ್ತೀಯಾ, ಫರ್ಡಿನಾಂಡ್‌ನ ಕೊನೆ ತುಂಡಿಗೆ ಧೈರ್ಯ ಅಂತ ಅರ್ಥ, ಇರ್ಲಿ. ಭಟ್ಟದ ಹಿಂದಿನ ಭರ್ತೃ ಅಂದ್ರೆ ಹೊರುವವ, ಪೋಷಿಸುವವ. ಭಟದ ಹಿಂದಿನ ಭೃತ ಅಂದ್ರೆ ಇನ್ನೊಬ್ಬರು ಪೋಷಿಸಿದವ, ಸಂಬಳಕ್ಕೆ ಇಟ್ಕೊಂಡವ. ಎರಡಕ್ಕೂ ಒಂದೇ ಧಾತು. ಅಂದ್ರೆ ನನ್ನ ಅಡಿಗೆ ಭಟ್ರ ಹೆಸರಿನ ಒಳಗೇ ಅನ್ನ ಹಾಕುವವ ಕೂತಿದ್ದ, ನಾನು ಅವನನ್ನು ಎಬ್ಬಿಸಿ ಕಳಿಸಿ ಬಾಡಿಗೆ ಸಿಪಾಯಿಯನ್ನು ತಂದು ಕೂರಿಸಿದ್ದೆ. ಇದನ್ನು ಯೋಚಿಸಿದ್ರೆ ಈಗಲೂ ರಾತ್ರಿ ನಿದ್ದೆ ಬರುದಿಲ್ಲ ಮಗಾ. ಸುಳ್ಳು ಹೇಳಿದ್ದಕ್ಕಿಂತ ಜಾಸ್ತಿ, ಹುಡುಕದೆ ಹೋದದ್ದಕ್ಕೆ.

ಇನ್ನೂ ಕೇಳು. ಕಳೆದ ತಿಂಗಳು ಒಂದು ಮದುವೆಯಲ್ಲಿ ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತವರೊಬ್ಬರು ನಂಗೇ ಪಾಠ ಮಾಡಿದ್ರು, "ನಾವು ಭಟ್ಟರು ಅಂದ್ರೆ ಮೊದಲು ಭಟರು, ಸೈನಿಕರು, ಗೊತ್ತುಂಟಾ ನಿಮಗೆ?" ಅಂತ. ನಾನು ಸಾರು ಕಲಸ್ತಾ "ಹೌದಾ" ಅಂದೆ.

ಈಗ ನಿನ್ನ ಲೂವಿಸಣ್ಣನ ವಿಷಯಕ್ಕೆ ಬರ್ತೇನೆ. ರಾಜ ಗೀಜ ಯಾರೂ ಬೇಡ. ಗೋವಾ ಕಡೆ ದೀಕ್ಷಾಸ್ನಾನ ಆಗುವಾಗ ಪಾದ್ರಿಯದ್ದೋ ಧರ್ಮಪಿತನದ್ದೋ ಸರ್‌ನೇಮ್ ಹಾಕುದು ವಾಡಿಕೆ ಇತ್ತು, ಅಲ್ಲಿಂದ ಬಂದವರು ಅದನ್ನು ಹೊತ್ಕೊಂಡು ಈ ಕಡೆ ಬಂದ್ರು, ಹಳೇ ಪ್ರಭು, ಶೆಣೈ, ನಾಯ್ಕ ಅಂಬುದನ್ನು ಮನೆಯೊಳಗೆ ನೆನಪಿಟ್ಕೊಂಡವರೂ ಉಂಟು. 1784ರಲ್ಲಿ ಟಿಪ್ಪು ಈ ಕಡೆಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ, ಉಳಿದವರು ಬಿಡುಗಡೆ ಆದದ್ದು 1799ರಲ್ಲಿ. ಹೆಸರಲ್ಲಿ ಕಾಳಗ ಇಟ್ಕೊಂಡು ಕೈಯಲ್ಲಿ ಎಂತದೂ ಇಲ್ಲದೆ ಘಟ್ಟ ಹತ್ತಿದವರು. ಇದು ನಿಂಗೆ ಬೋರ್ ಆಯ್ತಾ?

ಮತ್ತೊಂದು, ನೀನೇ ಬರೆದು ನೀನೇ ನೋಡದ್ದು. ಮೂರನೇ ಅಧ್ಯಾಯದಲ್ಲಿ ಅವನು ಜೂನ್ 21ಕ್ಕೆ ಜಡಿಮಳೆಯಲ್ಲಿ ಹುಟ್ಟಿದ, ಅಜ್ಜಿ ಹೆಸರಿಟ್ಟಳು ಅಂತ ಉಂಟು. ಆ ದಿನ ಎಂತ ಗೊತ್ತುಂಟಾ? ಸಂತ ಅಲೋಶಿಯಸ್ ಗೊನ್ಜಾಗನ ಹಬ್ಬ. ಅಲೋಶಿಯಸ್ ಅಂದ್ರೂ ಲೂಯಿಯೇ. 1568ರಲ್ಲಿ ಹುಟ್ಟಿದವ, ಅಪ್ಪ ಇಟಲಿಯ ಸರದಾರ, ಮಗ ಸಿಪಾಯಿ ಆಗ್ಬೇಕು ಅಂತ ಚಿಕ್ಕಂದಿನಲ್ಲೇ ಸೈನ್ಯದ ನಡುವೆ ಬಿಟ್ಟಿದ್ದ, ಇವನು ಆಸ್ತಿಯನ್ನು ತಮ್ಮನಿಗೆ ಬಿಟ್ಟು ಜೆಸ್ವಿತರು ಅಂಬ ಪಾದ್ರಿಗಳ ಸಂಘ ಸೇರಿದ, ರೋಮಿನಲ್ಲಿ ಪ್ಲೇಗಿನವರ ಸೇವೆ ಮಾಡ್ತಾ 1591ರಲ್ಲಿ ಇಪ್ಪತ್ಮೂರು ವರ್ಷಕ್ಕೆ ತೀರಿಹೋದ. ನಿನ್ನ ವಯಸ್ಸು. ಅವನ ಹೆಸರಿನ ಕಾಲೇಜು ನಮ್ಮೂರಲ್ಲಿ 1880ರಿಂದ ಉಂಟು, ಅಲ್ಲಿನ ಚಾಪೆಲ್ಲಿನ ಮಾಡಿನ ಅಡಿಯಲ್ಲಿ ಅವನ ಇಡೀ ಬದುಕನ್ನು ಇಟಲಿಯ ಚಿತ್ರಕಾರ ಮೊಶೆನಿ ಚಿತ್ರ ಬರೆದು ಇಟ್ಟಿದ್ದಾರೆ. ಒಮ್ಮೆ ಹೋಗಿ ಕುತ್ತಿಗೆ ನೋಯುವವರೆಗೆ ನೋಡು. ನೋಡಿ ಬಂದು ಅದನ್ನೂ ಒಂದೂವರೆ ಪುಟ ಬರೀಬೇಡ ಮತ್ತೆ. ಅಜ್ಜಿ ಯಾಕೆ ಆ ಹೆಸರಿಟ್ಟಳು ಅಂತ ನಿಂಗೆ ಗೊತ್ತಿದ್ರೆ ಸಾಕು, ಅವಳು ಅವನನ್ನು ಕರೆಯುವ ರೀತಿಯೇ ಬೇರೆ ಆಗ್ತದೆ.

ಇಷ್ಟಕ್ಕೂ ನಮ್ಮ ಕಡೆ ಹೊಡೆದಾಡಿದವರ ಹೆಸರೇ ನೋಡು, ಕೋಟಿ, ಚೆನ್ನಯ, ಎಲ್ಲಾದ್ರೂ ಕತ್ತಿ ಕಾಣ್ತದಾ? ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರ ಎದುರು ನಿಂತವಳು, ಹೆಸರು ಕೂಗಿದ್ರೆ ಕಿವಿಗೆ ಬೀಳುದು ಅಬ್ಬೆ, ಅಕ್ಕ.

ಕಟ್ಟು ವಾಪಸ್ ಕಳಿಸಿದ್ದೇನೆ. ಆ ಒಂದೂವರೆ ಪುಟ ನನ್ನತ್ರವೇ ಇರ್ಲಿ, ನೀನು ಬಸ್ಸಿಂದಲೇ ಶುರು ಮಾಡು. ಮಳೆ ಬಿಟ್ಟ ಮೇಲೆ ಮನೆಗೆ ಬಾ, ನಿನ್ನ ಚಿಕ್ಕಮ್ಮ ನೀರ್ದೋಸೆ ಮಾಡ್ತಾಳೆ. 41ನೇ ಪುಟದಲ್ಲಿ ಚಾದ ಕಲೆ ಆಗಿದೆ, ಅದು ನಂದು.